ಮೂರು ಸಾಫ್ಟ್‌ವೇರ್, ಮೂರು ಉತ್ತರ: ಯಾವುದು ಖರೆ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಬಿ.ಇ. ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗಾಗಿ 2.45 ಗಿಗಾಹರ್ಟ್ಸ್‌ನ, ಮೂರು ರೆಸೊನೇಟರಿನ ಹೇರ್‌ಪಿನ್ ಫಿಲ್ಟರ್ ಮಾಡಿದ್ದೇವೆ: ಹೇರ್‌ಪಿನ್ನಿನಂತೆ ಬಾಗಿದ ಮೂರು ತಾಮ್ರದ ಗೆರೆಗಳು (ರೆಸೊನೇಟರುಗಳು) ಆ ಫ್ರೀಕ್ವೆನ್ಸಿಯ ಆಸುಪಾಸಿನ ಸಿಗ್ನಲನ್ನಷ್ಟೇ ದಾಟಿಸುತ್ತವೆ. ಬೋರ್ಡು 1.6 ಮಿ.ಮೀ. ದಪ್ಪದ ಎಫ್‌ಆರ್-4, ಅಂದರೆ ಮಾಮೂಲಿ ಸರ್ಕ್ಯೂಟ್ ಬೋರ್ಡು. ಬೋರ್ಡು ಹೇಗೆ ನಡೆದೀತು ಎಂದು ಮೊದಲೇ ಲೆಕ್ಕ ಹಾಕಿ ತೋರಿಸುವ ಮೂರು ಸಾಫ್ಟ್‌ವೇರಿಗೆ ಒಂದೇ ಡ್ರಾಯಿಂಗನ್ನು ಕೊಟ್ಟೆವು. ಸಾನೆಟ್ ಲೈಟ್‌ನಲ್ಲಿ ಮಧ್ಯದ ಫ್ರೀಕ್ವೆನ್ಸಿ 2.47 ಬಂತು, ಜೊತೆಗೆ 2.33ರ ಬಳಿ ಒಂದು ಚೂಪಾದ ತಗ್ಗು. ಎಚ್‌ಎಫ್‌ಎಸ್‌ಎಸ್‌ನಲ್ಲಿ 2.42. ಸಿಎಸ್‌ಟಿಯಲ್ಲಿ 2.45, ಆದರೆ ಗ್ರಾಫ್ ತುಂಬ ಸಣ್ಣ ಸಣ್ಣ ಅಲೆಗಳು. ಬೋರ್ಡು ಮಾಡಿಸಿ ಅಳೆದರೆ 2.38! "ಸಿಎಸ್‌ಟಿದು ಕರೆಕ್ಟ್ ಬಂದೈತಲ್ಲ, ಅದನ್ನ ರಿಪೋರ್ಟಿಗೆ ಹಾಕ್ರಿ" ಅನ್ನುತ್ತಾರೆ ಗೈಡ್ ಸರ್. ನನಗೆ ಸಮಾಧಾನ ಇಲ್ಲ. ಇವುಗಳಲ್ಲಿ ಯಾವುದು ಖರೆ, ಸರ್?

ಉತ್ತರ: ನಿಮಗೆ ಸಮಾಧಾನ ಆಗದಿದ್ದದ್ದೇ ಒಳ್ಳೆಯದಾಯಿತು. ನಮಗೆ 2.45 ಬೇಕಾಗಿತ್ತು, ಒಂದು ಸಾಫ್ಟ್‌ವೇರ್ 2.45 ಅಂದಿತು, ಅದಕ್ಕೇ ಅದು ಸರಿ ಎಂದರೆ ನಮಗೆ ಅನುಕೂಲವಾದ ಸಾಕ್ಷಿಯನ್ನು ನಾವೇ ಆರಿಸಿಕೊಂಡಂತೆ. ಬೋರ್ಡು 2.38 ಅನ್ನುತ್ತಿರುವಾಗ 2.45 ಹೇಳಿದ್ದು ಕರೆಕ್ಟ್ ಆಗುವುದು ಹೇಗೆ?

ನೀವು ಕಳಿಸಿದ ಮೂರೂ ಫೈಲುಗಳನ್ನು ಎರಡು ಸಂಜೆ ಕೂತು ನೋಡಿದೆ, ನನ್ನ ಕಂಪ್ಯೂಟರಿನಲ್ಲಿ ಓಡಿಸಿಯೂ ನೋಡಿದೆ. ಮೂರಕ್ಕೂ ನೀವು ಕೊಟ್ಟ ಡ್ರಾಯಿಂಗ್ ಒಂದೇ. ಆದರೆ ಕೊಟ್ಟ ಲೆಕ್ಕ ಒಂದೇ ಅಲ್ಲ. ಬೋರ್ಡಿನ ಗುಣ ಬೇರೆ, ಸುತ್ತಲಿನ ಗೋಡೆ ಬೇರೆ, ಎಷ್ಟು ನುಣುಪಾಗಿ ಲೆಕ್ಕ ಮಾಡಬೇಕು ಎಂಬ ಅಪ್ಪಣೆ ಬೇರೆ. ಹಾಗಿರುವಾಗ ಮೂರು ಉತ್ತರ ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಈ ವ್ಯತ್ಯಾಸದಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ನೋಡಬಹುದು. ನಿಮ್ಮ ರಿಪೋರ್ಟಿಗೆ ನಿಜವಾದ ಹೂರಣ ಅದೇ ಅಂತ ನನಗೆ ಅನ್ನಿಸುತ್ತದೆ.

ಎಲ್ಲಕ್ಕಿಂತ ಸುಲಭದ್ದು ಮೊದಲು. ಎಚ್‌ಎಫ್‌ಎಸ್‌ಎಸ್‌ನ ಲೈಬ್ರರಿಯಿಂದ ಎಫ್‌ಆರ್-4 ಎತ್ತಿಕೊಂಡರೆ ಅದರ ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್ (ಇದು ಹೆಚ್ಚಿದಷ್ಟೂ ಅಲೆ ನಿಧಾನ) 4.4, ಲಾಸ್ ಟ್ಯಾಂಜೆಂಟ್ (ಬೋರ್ಡು ಎಷ್ಟು ಶಕ್ತಿ ನುಂಗುತ್ತದೆ ಎಂಬುದರ ಅಳತೆ) 0.02. ಸಿಎಸ್‌ಟಿ ಲೈಬ್ರರಿಯ ಲಾಸಿ ಎಫ್‌ಆರ್-4ಗೆ ಅದು 4.3 ಮತ್ತು 0.025. ಹೆಸರು ಒಂದೇ ಇದ್ದದ್ದರಿಂದ ನೀವು ಒಳಗೆ ಇಣುಕಿ ನೋಡಿಲ್ಲ. 1.6 ಮಿ.ಮೀ. ಬೋರ್ಡಿನ ಮೇಲೆ 3 ಮಿ.ಮೀ. ಅಗಲದ ಗೆರೆಗೆ 4.4 ಹಾಕಿದರೆ ಎಫೆಕ್ಟಿವ್ ಬೆಲೆ (ಅಲೆ ಸ್ವಲ್ಪ ಗಾಳಿಯಲ್ಲೂ ಹರಿಯುವುದರಿಂದ ಒಟ್ಟಾರೆ ಸಿಗುವ ಬೆಲೆ) ಸುಮಾರು 3.33 ಬರುತ್ತದೆ, 4.3 ಹಾಕಿದರೆ 3.26. ಫ್ರೀಕ್ವೆನ್ಸಿ ಇದರ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುವುದರಿಂದ ಶೇ. 1ರಷ್ಟು, ಅಂದರೆ 25 ಮೆಗಾಹರ್ಟ್ಸ್ ಮೇಲೇರುತ್ತದೆ. ಎಚ್‌ಎಫ್‌ಎಸ್‌ಎಸ್ ಮತ್ತು ಸಿಎಸ್‌ಟಿ ನಡುವೆ ನಿಮಗೆ ಕಂಡ ಅಂತರ 30 ಮೆಗಾಹರ್ಟ್ಸ್. ಅದರ ಬಹುಪಾಲು ಇಲ್ಲಿಯೇ ಮುಗಿಯಿತು. ಪಾಸ್‌ಬ್ಯಾಂಡಿನ (ಫಿಲ್ಟರ್ ದಾಟಲು ಬಿಡುವ ಫ್ರೀಕ್ವೆನ್ಸಿಗಳ) ನಷ್ಟ ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಬಂದದ್ದಕ್ಕೂ ಇದೇ ಕಾರಣ. 0.02 ಮತ್ತು 0.025ರ ವ್ಯತ್ಯಾಸ ನಿಮ್ಮ ಹಾಗೆ ಶೇ. 10ರ ಬ್ಯಾಂಡ್‌ವಿಡ್ತ್ ಇರುವ ಫಿಲ್ಟರಿನಲ್ಲಿ ಅರ್ಧ ಡಿಬಿಯಷ್ಟು ನಷ್ಟವನ್ನು ಬದಲಿಸುತ್ತದೆ. ಲೈಬ್ರರಿಯ ಹೆಸರನ್ನು ನಂಬಬೇಡಿ. ಸಂಖ್ಯೆಗಳನ್ನು ನಿಮ್ಮ ಕೈಯಿಂದಲೇ ತುಂಬಿ.

ಸಾನೆಟ್‌ನ 2.47 ಎಲ್ಲಿಂದ ಬಂತು? ಅದು ಮೆಥಡ್ ಆಫ್ ಮೊಮೆಂಟ್ಸ್ ದಾರಿಯದು. ಹ್ಯಾರಿಂಗ್ಟನ್ 1968ರಲ್ಲಿ ಕ್ರಮಬದ್ಧವಾಗಿ ಬರೆದಿಟ್ಟ ದಾರಿ. ಗಾಳಿಯನ್ನೂ ಬೋರ್ಡನ್ನೂ ತುಂಡು ಮಾಡುವುದಿಲ್ಲ. ತಾಮ್ರವನ್ನು ಮಾತ್ರ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ಎಷ್ಟು ಕರೆಂಟು ಹರಿಯುತ್ತದೆ ಎಂದು ಬಿಡಿಸುತ್ತದೆ. ಸಮತಲದ ರಚನೆಗಳಿಗೆ ಇದು ಬಹಳ ಚುರುಕು. ಆದರೆ ಸಾನೆಟ್‌ನಲ್ಲಿ ಆ ಚೌಕಗಳ ಜಾಲರಿ ಎಲ್ಲ ಕಡೆ ಒಂದೇ ಅಳತೆಯದು. ನಿಮ್ಮ ಗೆರೆಯ ಅಂಚು ಎರಡು ಜಾಲರಿ ಗೆರೆಗಳ ನಡುವೆ ಬಿದ್ದರೆ ಅದನ್ನು ಒಂದು ಕಡೆಗೆ ಸರಿಸಿಬಿಡುತ್ತದೆ.

ನಿಮ್ಮ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಕಸೂತಿ ಹಾಕುವುದನ್ನು ನೋಡಿದ್ದರೆ ಇದು ತಟ್ಟನೆ ತಿಳಿಯುತ್ತದೆ. ನಮ್ಮ ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಎರಡು ಎಳೆಯ ನಡುವಿನ ಅರ್ಧಕ್ಕೆ ಹೊಲಿಗೆ ನಿಲ್ಲುವುದಿಲ್ಲ. ಓರೆ ಗೆರೆ ಬೇಕೆಂದರೆ ಮುರ್ಗಿ ಹೊಲಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಗೋಪುರವಾಗಲಿ ತೇರಾಗಲಿ, ಎಳೆ ಸಣ್ಣದಿದ್ದಷ್ಟೂ ಅಂಚು ನುಣುಪು. ನಿಮ್ಮ ಹೇರ್‌ಪಿನ್ನಿನ ಬಾಗು ಸಾನೆಟ್‌ನಲ್ಲಿ ಅದೇ ರೀತಿ ಮೆಟ್ಟಿಲಾಗಿದೆ. ಅದರಿಂದ ದೊಡ್ಡ ಹಾನಿ ಇಲ್ಲ. ಹಾನಿ ಆದದ್ದು ತೋಳುಗಳ ತುದಿಯಲ್ಲಿ. ಲೈಟ್ ಆವೃತ್ತಿಯ ಮೆಮೊರಿ ಮಿತಿಯೊಳಗೆ ಇರಲಿ ಎಂದು ನೀವು 0.5 ಮಿ.ಮೀ. ಚೌಕ ಇಟ್ಟಿದ್ದೀರಿ. ಒಂದೊಂದು ತುದಿ ಕಾಲು ಮಿಲಿಮೀಟರ್ ಒಳಕ್ಕೆ ಸರಿದಿದೆ. ರೆಸೊನೇಟರಿನ ಒಟ್ಟು ಉದ್ದ 33.5 ಮಿ.ಮೀ., ಅದರಲ್ಲಿ ಅರ್ಧ ಮಿಲಿಮೀಟರ್ ಹೋದರೆ ಶೇ. 1.5. ಅಂದರೆ 37 ಮೆಗಾಹರ್ಟ್ಸ್ ಮೇಲಕ್ಕೆ. ಇದಲ್ಲದೆ ಕರೆಂಟು ಗೆರೆಯ ಅಂಚಿಗೆ ಒತ್ತಿಕೊಂಡು ಹರಿಯುತ್ತದೆ. 3 ಮಿ.ಮೀ. ಗೆರೆಗೆ ಆರೇ ಚೌಕ ಇದ್ದರೆ ಆ ಒತ್ತಡ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ.

ನಾನು ಮಾಡಿದ್ದು ಇಷ್ಟೇ: ಚೌಕವನ್ನು ಅರ್ಧ ಮಾಡುತ್ತ ಹೋದೆ. 0.5ಕ್ಕೆ 2.470, 0.25ಕ್ಕೆ 2.444, 0.125ಕ್ಕೆ 2.431. ಮೊದಲ ಇಳಿತ 26 ಮೆಗಾಹರ್ಟ್ಸ್, ಎರಡನೆಯದು 13. ಇಳಿತ ಪ್ರತಿ ಸಲ ಅರ್ಧವಾಗುತ್ತಿದೆ ಎಂದರೆ ಮುಂದೆ ಎಲ್ಲಿ ನಿಲ್ಲುತ್ತದೆ ಎಂದು ಕಾಗದದ ಮೇಲೇ ಹೇಳಬಹುದು: ಕೊನೆಯ ಬೆಲೆಯಿಂದ ಇನ್ನೊಂದು 13 ಕಳೆಯಿರಿ, 2.418. ಒಂದೇ ಮೆಶ್‌ನಲ್ಲಿ (ಒಂದೇ ಅಳತೆಯ ಜಾಲರಿಯಲ್ಲಿ) ಒಂದೇ ಸಲ ಓಡಿಸಿ ಬಂದ ಸಂಖ್ಯೆಯನ್ನು ನಾನು ಉತ್ತರ ಅಂತಲೇ ಎಣಿಸುವುದಿಲ್ಲ. ಮೂರು ಸಲ ಓಡಿಸಿದ ಮೇಲೆ, ಅದು ಯಾವ ಕಡೆ ಹೊರಟಿದೆ ಎಂದು ಕಂಡ ಮೇಲೆ, ಆಗ ಮಾತು.

ಇನ್ನು 2.33ರ ತಗ್ಗು. ಅದು ನಿಮ್ಮ ಫಿಲ್ಟರಿನದಲ್ಲವೇ ಅಲ್ಲ, ಡಬ್ಬಿಯದು. ಸಾನೆಟ್ ಪ್ರತಿ ರಚನೆಯನ್ನೂ ಲೋಹದ ಡಬ್ಬಿಯೊಳಗೆ ಇಟ್ಟೇ ಲೆಕ್ಕ ಮಾಡುತ್ತದೆ. "ಜಾಗ ಜಾಸ್ತಿ ಇದ್ದರೆ ಒಳ್ಳೆಯದು" ಎಂದು ನೀವು 100 ಮಿ.ಮೀ. ಉದ್ದ, 80 ಮಿ.ಮೀ. ಅಗಲ, 20 ಮಿ.ಮೀ. ಎತ್ತರದ ಡಬ್ಬಿ ಕೊಟ್ಟಿದ್ದೀರಿ. ಖಾಲಿ ಡಬ್ಬಿಯ ಮೊದಲ ರೆಸೊನೆನ್ಸ್ ಲೆಕ್ಕ ಹಾಕಿ. ಮೀಟರಿನಲ್ಲಿ ಉದ್ದಗಲ ಹಿಡಿದು, ಅವುಗಳ ವಿಲೋಮಗಳ ವರ್ಗ ಕೂಡಿಸಿ, ವರ್ಗಮೂಲ ತೆಗೆದು, ಬೆಳಕಿನ ವೇಗದ ಅರ್ಧದಿಂದ ಗುಣಿಸಿದರೆ 2.40 ಗಿಗಾಹರ್ಟ್ಸ್. ತಳದಲ್ಲಿ 1.6 ಮಿ.ಮೀ. ಎಫ್‌ಆರ್-4 ಹಾಸಿರುವುದರಿಂದ ಅದು ಇನ್ನಷ್ಟು ಇಳಿದು 2.33ರ ಬಳಿ ಕೂತಿದೆ. ಸರಿಯಾಗಿ ನಿಮ್ಮ ತಗ್ಗು ಇದ್ದ ಜಾಗ! ಡಬ್ಬಿಯನ್ನು 60ಕ್ಕೆ 40 ಮಾಡಿದರೆ ಈ ರೆಸೊನೆನ್ಸ್ 4.4ರ ಹತ್ತಿರಕ್ಕೆ ಓಡಿಹೋಗುತ್ತದೆ. ನಿಮ್ಮ ಫಿಲ್ಟರ್ ಅದರಲ್ಲಿ ಆರಾಮವಾಗಿ ಹಿಡಿಸುತ್ತದೆ. ಮಾಡಿ ನೋಡಿದೆ, ತಗ್ಗು ಮಾಯ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಉಳಿದ ಎರಡರಲ್ಲಿ ತಗ್ಗು ಕಾಣಲಿಲ್ಲ ಎಂದು ಸಾನೆಟ್ ತಪ್ಪು ಎಂದುಕೊಳ್ಳಬೇಡಿ. ಆ ಎರಡರಲ್ಲಿ ನೀವು ಸುತ್ತ ಬಯಲು ಇಟ್ಟಿದ್ದೀರಿ. ನಾಳೆ ಇದೇ ಬೋರ್ಡನ್ನು ಗೋಕುಲ ರೋಡಿನ ಯಾವುದಾದರೂ ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ ಡಬ್ಬಿ ಮಾಡಿಸಿ, ಮುಚ್ಚಳ ಬಿಗಿದು ಇಟ್ಟಿರಿ ಅನ್ನಿ. ಡಬ್ಬಿ 100ಕ್ಕೆ 80 ಇದ್ದರೆ ಆ ತಗ್ಗು ನಿಮ್ಮ ಅನಲೈಸರಿನ ಪರದೆಯ ಮೇಲೂ ಕಾಣಿಸುತ್ತದೆ. ಆಗ ಬಯಲಿನ ಲೆಕ್ಕ ಮಾಡಿದ ಸಾಫ್ಟ್‌ವೇರೇ ಮೋಸ ಮಾಡಿದಂತೆ ಕಂಡೀತು. ಬೋರ್ಡು ಕೊನೆಗೆ ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ, ಮೂರಕ್ಕೂ ಅದನ್ನೇ ಹೇಳಬೇಕು.

ಸಿಎಸ್‌ಟಿಯ ಸಣ್ಣ ಅಲೆಗಳ ಕತೆ ಚಿಕ್ಕದು. ಅದರ ಟೈಮ್ ಡೊಮೇನ್ ಸಾಲ್ವರ್ ವೈಲೆಂಡ್ 1977ರಲ್ಲಿ ಮುಂದಿಟ್ಟ ಫೈನೈಟ್ ಇಂಟಿಗ್ರೇಶನ್ ವಿಧಾನದ್ದು. ಒಂದು ಪಲ್ಸ್ ಬಿಟ್ಟು, ಅದು ರಚನೆಯೊಳಗೆ ಓಡಾಡಿ ಅಡಗುವ ತನಕ ಕಾದು, ಆಮೇಲೆ ಫ್ರೀಕ್ವೆನ್ಸಿಗೆ ತಿರುಗಿಸುತ್ತದೆ. ದೇವಸ್ಥಾನದ ದೊಡ್ಡ ಗಂಟೆ ಹೊಡೆದ ಮೇಲೆ ನಾದ ಎಷ್ಟೋ ಹೊತ್ತು ಉಳಿಯುತ್ತದಲ್ಲ, ಫಿಲ್ಟರಿನಲ್ಲೂ ಹಾಗೆ. ನೀವು ನಾದ ಪೂರ್ತಿ ಅಡಗುವ ಮುಂಚೆ, ಶಕ್ತಿ ಮೈನಸ್ 30 ಡಿಬಿಗೆ ಇಳಿಯುತ್ತಲೇ ನಿಲ್ಲಿಸಿಬಿಟ್ಟಿದ್ದೀರಿ. ಕತ್ತರಿಸಿದ ನಾದವೇ ಅಲೆಗಳಾಗಿ ಕಂಡಿದೆ. ಮೈನಸ್ 60ರ ತನಕ ಬಿಟ್ಟು, ಲೈಬ್ರರಿ ಬೆಲೆ ತೆಗೆದು 4.4 ಮತ್ತು 0.02 ಹಾಕಿದಾಗ ಅಲೆ ಹೋಯಿತು, ಮಧ್ಯ 2.425ಕ್ಕೆ ಬಂತು.

ಹಾಗಾದರೆ ಎಚ್‌ಎಫ್‌ಎಸ್‌ಎಸ್ ಒಂದೇ ಮೊದಲಿನಿಂದ ಸರಿ ಇತ್ತೇ? ಅದೂ ಪೂರ್ತಿ ಅಲ್ಲ. ಅದು ಜಾಗವನ್ನೆಲ್ಲ ನಾಲ್ಕು ಮುಖದ ತುಂಡುಗಳಾಗಿ ಕತ್ತರಿಸಿ, ಎಲ್ಲಿ ತಪ್ಪು ಹೆಚ್ಚಿದೆಯೋ ಅಲ್ಲಿ ತಾನೇ ಮೆಶ್ ಸಣ್ಣ ಮಾಡಿಕೊಳ್ಳುತ್ತ ಹೋಗುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಎಸ್-ಪ್ಯಾರಾಮೀಟರಿನ (ಎಷ್ಟು ಸಿಗ್ನಲ್ ತಿರುಗಿ ಬಂತು, ಎಷ್ಟು ದಾಟಿತು ಎಂದು ಹೇಳುವ ಸಂಖ್ಯೆಗಳ) ಅಂತರ 0.02ಕ್ಕಿಂತ ಕಡಿಮೆಯಾದರೆ ಸಾಕು ಎಂದು ನಿಲ್ಲಿಸುತ್ತದೆ. ಈ 0.02 ಎರಡು ಸುತ್ತುಗಳ ನಡುವಿನ ಅಂತರ. ನಿಜವಾದ ಉತ್ತರಕ್ಕೂ ಇದಕ್ಕೂ ಇರುವ ಅಂತರ ಅಲ್ಲ. ಅದಕ್ಕಿಂತ ದೊಡ್ಡ ಲೋಪ, ನೀವು ಮೆಶ್ ಸಣ್ಣ ಮಾಡುವ ಫ್ರೀಕ್ವೆನ್ಸಿಯನ್ನು 3 ಗಿಗಾಹರ್ಟ್ಸ್ ಎಂದು ಕೊಟ್ಟದ್ದು. ಅದು ಸ್ಟಾಪ್‌ಬ್ಯಾಂಡ್. ಅಲ್ಲಿ ಸಿಗ್ನಲ್ ಮೊದಲ ರೆಸೊನೇಟರಿನಲ್ಲೇ ತಿರುಗಿ ಹೋಗುತ್ತದೆ, ನಡುವಿನದಕ್ಕೆ ಮುಟ್ಟುವುದೇ ಇಲ್ಲ. ಮುಟ್ಟದ ಕಡೆ ತಪ್ಪು ಕಾಣುವುದಿಲ್ಲ, ತಪ್ಪು ಕಾಣದ ಕಡೆ ಮೆಶ್ ಒರಟಾಗಿಯೇ ಉಳಿಯುತ್ತದೆ. 2.45 ಕೊಟ್ಟು, 0.005ರ ತನಕ ಬಿಗಿ ಮಾಡಿದಾಗ 2.415ರಲ್ಲಿ ನಿಂತಿತು.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡ್ರಿ: 2.418, 2.415, 2.425. ಮೊದಲು 50 ಮೆಗಾಹರ್ಟ್ಸ್ ಹರಡಿಕೊಂಡಿದ್ದ ಉತ್ತರಗಳು 10ರೊಳಗೆ ಬಂದವು. ಉಳಿದ ಈ 10 ಮೆಗಾಹರ್ಟ್ಸ್, ಶೇ. 0.4, ಇದು ಮೂರು ಬೇರೆ ಬೇರೆ ವಿಧಾನಗಳ ನಡುವಿನ ಪ್ರಾಮಾಣಿಕ ವ್ಯತ್ಯಾಸ. ಸಾನೆಟ್‌ನಲ್ಲಿ ತಾಮ್ರ ದಪ್ಪವಿಲ್ಲದ ಹಾಳೆ, ಉಳಿದವುಗಳಲ್ಲಿ 35 ಮೈಕ್ರಾನ್ ದಪ್ಪದ ಗಟ್ಟಿ ಪಟ್ಟಿ. ಇಷ್ಟು ವ್ಯತ್ಯಾಸ ಉಳಿದರೆ ನಾನು ಇನ್ನೂ ಕೆದಕಲು ಹೋಗುವುದಿಲ್ಲ. ಆದರೆ ನಿಮ್ಮ ಹೇರ್‌ಪಿನ್‌ಗಳ ನಡುವಿನ ಸಂದು 0.4 ಮಿ.ಮೀ.ಗಿಂತ ಕಿರಿದಾದರೆ ದಪ್ಪವನ್ನು ಬಿಡುವಂತಿಲ್ಲ. ಎದುರುಬದುರಿನ ಗೋಡೆಗಳು ಒಂದಕ್ಕೊಂದು ನೋಡುತ್ತ ಕಪ್ಲಿಂಗ್ (ಒಂದರಿಂದ ಇನ್ನೊಂದಕ್ಕೆ ಶಕ್ತಿ ದಾಟುವುದು) ಹೆಚ್ಚಿಸುತ್ತವೆ, ಬ್ಯಾಂಡ್‌ವಿಡ್ತ್ ಅಗಲವಾಗುತ್ತದೆ.

ಮೂರೂ ಒಂದೇ ಮಾತು ಹೇಳಿದವಲ್ಲ, ಇನ್ನು ನಂಬಬಹುದೇ? ಇಲ್ಲಿಯೇ ನಾನು ಒಮ್ಮೆ ಎಡವಿದ್ದೇನೆ. ನೌಕರಿಯ ಮೊದಲ ವರ್ಷಗಳಲ್ಲಿ 5.8 ಗಿಗಾಹರ್ಟ್ಸ್‌ನ ಒಂದು ಪ್ಯಾಚ್ ಆಂಟೆನಾ ಮಾಡಬೇಕಿತ್ತು, ರೋಜರ್ಸ್ ಆರ್‌ಓ4003ಸಿ ಬೋರ್ಡಿನ ಮೇಲೆ. ಒಂದು ಸಾಫ್ಟ್‌ವೇರ್ 5.80 ಅಂದಿತು, ಇನ್ನೊಂದು 5.76. ಎರಡೂ ಹತ್ತಿರ ಇವೆ ಎಂದು ಖುಷಿಯಾಗಿ ನಡುವಿನ ಬೆಲೆ ಹಿಡಿದು ಬೋರ್ಡು ಮಾಡಿಸಿದೆ. ಅಳೆದರೆ 5.65. ವಾರಗಟ್ಟಲೆ ನಿದ್ದೆ ಕೆಟ್ಟಿತು. ಆ ಬೋರ್ಡಿನ ಡೇಟಾಶೀಟಿನಲ್ಲಿ ಎರಡು ಬೆಲೆ ಇರುತ್ತವೆ: ಕಾರ್ಖಾನೆಯ ತಪಾಸಣೆಯ ಬೆಲೆ 3.38, ಡಿಸೈನಿಗೆ ಬಳಸಬೇಕಾದ ಬೆಲೆ 3.55. ನಾನು ಮೊದಲು ಕಣ್ಣಿಗೆ ಬಿದ್ದ 3.38 ಅನ್ನು ಎರಡೂ ಕಡೆ ತುಂಬಿದ್ದೆ. ಎರಡು ಸಾಫ್ಟ್‌ವೇರುಗಳ ಒಪ್ಪಿಗೆಯಿಂದ ಲೆಕ್ಕ ಸರಿ ಬಿಡಿಸಿದೆ ಎಂದಷ್ಟೇ ಗೊತ್ತಾಗುತ್ತದೆ. ಲೆಕ್ಕವೇ ತಪ್ಪಿದ್ದರೆ ಅದನ್ನು ಎರಡೂ ಸೇರಿ ಹೇಳಲಾರವು. ಸರಾಸರಿಯಂತೂ ಯಾವ ಕಾಯಿಲೆಗೂ ಮದ್ದಲ್ಲ.

ಆದ್ದರಿಂದ ಎರಡು ಪರೀಕ್ಷೆ ಬೇರೆ ಬೇರೆಯಾಗಿ ಮಾಡಬೇಕು, ಒಂದು ಸಾಫ್ಟ್‌ವೇರಿಗೆ, ಒಂದು ಬೋರ್ಡಿಗೆ.

ಸಾಫ್ಟ್‌ವೇರನ್ನು ಪರೀಕ್ಷಿಸಲು ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಕೊಡಬೇಕು. ಮೈಕ್ರೋಸ್ಟ್ರಿಪ್‌ಗೆ (ನಿಮ್ಮ ಬೋರ್ಡಿನ ಹಾಗೆ ಕೆಳಗಡೆ ಮಾತ್ರ ನೆಲ, ಅಂದರೆ ಗ್ರೌಂಡಿನ ತಾಮ್ರ, ಇರುವ ಗೆರೆಗೆ) ಅಂಥ ನಿಖರ ಸೂತ್ರ ಇಲ್ಲ, ಆದರೆ ಎರಡು ನೆಲಗಳ ನಡುವೆ ದಪ್ಪವಿಲ್ಲದ ಪಟ್ಟಿ ಇರುವ ಸ್ಟ್ರಿಪ್‌ಲೈನ್‌ಗೆ ಇದೆ. ಸಾನೆಟ್ ಕಟ್ಟಿದ ಜೇಮ್ಸ್ ರೌಟಿಯೋ ಇದನ್ನೇ ಒರೆಗಲ್ಲಾಗಿ 1994ರಲ್ಲಿ ಪ್ರಕಟಿಸಿದರು. ಎರಡು ನೆಲಗಳ ಅಂತರ 1 ಮಿ.ಮೀ., ನಡುವೆ ಗಾಳಿ, ಪಟ್ಟಿಯ ಅಗಲ 1.4423896 ಮಿ.ಮೀ. ಆಗ ಇಂಪೆಡೆನ್ಸ್ 50 ಓಮ್. ಉದ್ದ 4.99654097 ಮಿ.ಮೀ. ಇಟ್ಟರೆ 15 ಗಿಗಾಹರ್ಟ್ಸ್‌ನಲ್ಲಿ ಸರಿಯಾಗಿ ಕಾಲು ತರಂಗ. ಎಸ್11 (ತಿರುಗಿ ಬಂದ ಸಿಗ್ನಲ್) ಪೂರ್ತಿ ಸೊನ್ನೆ, ಎಸ್21ರ (ದಾಟಿದ ಸಿಗ್ನಲಿನ) ಕೋನ ಮೈನಸ್ 90 ಡಿಗ್ರಿ ಬರಬೇಕು. ನಿಮಗೆ ಎಸ್11 ಮೈನಸ್ 40 ಡಿಬಿ ಬಂದರೆ ಇಂಪೆಡೆನ್ಸಿನಲ್ಲಿ ಶೇ. 1 ತಪ್ಪಿದೆ ಎಂದು ಓದಿಕೊಳ್ಳಿ. ಕೋನ ಮೈನಸ್ 90.9 ಬಂದರೆ ವೇಗದಲ್ಲಿ ಶೇ. 1. ಬೋರ್ಡಿನ ಮೇಲೆ ತಪ್ಪು ಹೊರಿಸಲು ಇಲ್ಲಿ ಬೋರ್ಡೇ ಇಲ್ಲ. ಮೆಶ್ ಮತ್ತು ಪೋರ್ಟ್ (ಸಿಗ್ನಲ್ ಒಳಹೊಗುವ, ಹೊರಬರುವ ಬಾಯಿ) ಎರಡೇ ಉಳಿಯುತ್ತವೆ. ಪೋರ್ಟು ಸರಿಯಾಗಿ ಕೂರಿಸಲು ಬರುತ್ತದೋ ಇಲ್ಲವೋ ಎಂಬುದೂ ಇದರಲ್ಲೇ ಬಯಲಾಗುತ್ತದೆ. ಮೈಕ್ರೋಸ್ಟ್ರಿಪ್‌ನಲ್ಲಿ ವೇವ್ ಪೋರ್ಟನ್ನು ಗೆರೆಗೆ ತೀರ ಬಿಗಿಯಾಗಿ ಕೊಟ್ಟರೆ ಫೀಲ್ಡು ಅದರ ಪಕ್ಕದ ಗೋಡೆಗೆ ಅಂಟಿಕೊಂಡು ಇಂಪೆಡೆನ್ಸ್ ಕೆಳಗೆ ಬೀಳುತ್ತದೆ.

ಬೋರ್ಡಿನ ಪರೀಕ್ಷೆ ಇನ್ನೂ ಮುಖ್ಯ, ಯಾಕೆಂದರೆ ನಿಮ್ಮ ಮೂರು ಉತ್ತರಗಳೂ ಈಗ 2.42ರ ಬಳಿ ಸೇರಿವೆ, ಬೋರ್ಡು ಮಾತ್ರ 2.38ರಲ್ಲಿದೆ. ಈ 40 ಮೆಗಾಹರ್ಟ್ಸ್ ಪೂರ್ತಿ ಬೋರ್ಡಿನದೇ ಎಂದು ಹಿಡಿದರೆ ಅದರ ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್ 4.4 ಅಲ್ಲ, 4.55ರ ಆಸುಪಾಸು ಎಂದಾಗುತ್ತದೆ. ಎಫ್‌ಆರ್-4ಗೆ ಇದು ಏನೇನೂ ಅಸಹಜವಲ್ಲ. ಅದು ಮೂಲತಃ ಒಂದು ನೇಯ್ಗೆ. ಗದಗ-ಬೆಟಗೇರಿಯ ಮಗ್ಗದಲ್ಲಿ ಹಾಸು ಹೊಕ್ಕು ಇದ್ದಂತೆ ಗಾಜಿನ ಎಳೆಗಳ ಹಾಸು ಹೊಕ್ಕು, ಅದರ ತುಂಬ ಎಪಾಕ್ಸಿ ರಾಳ. ಗಾಜಿನದು 6ರ ಹತ್ತಿರ, ರಾಳದ್ದು 3ರ ಹತ್ತಿರ. ಯಾವ ಕಂಪನಿ ಎಷ್ಟು ಗಾಜು ಎಷ್ಟು ರಾಳ ಹಾಕಿತು ಎಂಬುದರ ಮೇಲೆ ಮೊತ್ತ ಬದಲಾಗುತ್ತದೆ. ಬಟ್ಟೆ ಹಾಸಿದ ದಿಕ್ಕಿನಲ್ಲಿ ಬೆಲೆ ಹೆಚ್ಚು, ಅಡ್ಡಕ್ಕೆ ಚುಚ್ಚಿ ಹೋಗುವ ದಿಕ್ಕಿನಲ್ಲಿ ಕಡಿಮೆ. ನೀವು ಮೂರರಲ್ಲೂ ಎಲ್ಲ ದಿಕ್ಕಿಗೂ ಒಂದೇ ಬೆಲೆ ಕೊಟ್ಟಿದ್ದೀರಿ. ಹೇರ್‌ಪಿನ್‌ಗಳ ನಡುವಿನ ಸಂದಿನಲ್ಲಿ ಫೀಲ್ಡು ಬಟ್ಟೆಯ ಉದ್ದಕ್ಕೇ ಮಲಗಿರುತ್ತದೆ. ಅಳೆದ ಬ್ಯಾಂಡ್‌ವಿಡ್ತ್ ಲೆಕ್ಕಕ್ಕಿಂತ ಸ್ವಲ್ಪ ಅಗಲ ಬಂದಿದ್ದರೆ ಇದೂ ಒಂದು ಕಾರಣ. ಇನ್ನೊಂದು, ನೀವು ಅಳೆದದ್ದು ಜುಲೈ ತಿಂಗಳಲ್ಲಿ. ನಮ್ಮ ಕಡೆ ಜಿಟಿಜಿಟಿ ಮಳೆ ಹಿಡಿದ ದಿನಗಳು. ಎಫ್‌ಆರ್-4 ತೇವ ಹೀರುತ್ತದೆ, ನೀರಿನ ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್ 80ರ ಹತ್ತಿರ. ತೇವ ಬಹಳ ಸ್ವಲ್ಪವೇ ಇದ್ದರೂ ಫ್ರೀಕ್ವೆನ್ಸಿ ಇಳಿಯುತ್ತದೆ, ನಷ್ಟ ಹೆಚ್ಚುತ್ತದೆ. ಬೋರ್ಡನ್ನು 105 ಡಿಗ್ರಿಯಲ್ಲಿ ಕೆಲವು ತಾಸು ಒಣಗಿಸಿ ಮತ್ತೆ ಅಳೆಯಿರಿ.

ಊಹೆಗಿಂತ ಅಳತೆ ಮೇಲು. ಅದೇ ಶೀಟಿನಲ್ಲಿ 50 ಓಮ್‌ನ ಎರಡು ನೇರ ಗೆರೆ ಕೊರೆಸಿ, ಒಂದಕ್ಕಿಂತ ಇನ್ನೊಂದು ಸರಿಯಾಗಿ 50 ಮಿ.ಮೀ. ಉದ್ದ ಇರಲಿ. ಎರಡಕ್ಕೂ ಒಂದೇ ಥರದ ಕನೆಕ್ಟರ್, ಒಂದೇ ಕೈಯ ಬೆಸುಗೆ. 3 ಗಿಗಾಹರ್ಟ್ಸ್ ತನಕ ಹೋಗುವ ನ್ಯಾನೋವಿಎನ್‌ಎ (ಕೈಯಲ್ಲಿ ಹಿಡಿಯುವ ಸಣ್ಣ ಅನಲೈಸರ್) ಇದ್ದರೂ ಸಾಕು, ಕ್ಯಾಲಿಬ್ರೇಶನ್ ಮಾತ್ರ ಕೇಬಲಿನ ತುದಿಯಲ್ಲಿ ತಾಳ್ಮೆಯಿಂದ ಮಾಡಿ. ಎರಡು ಗೆರೆಗಳ ಎಸ್21 ಕೋನಗಳನ್ನು ಕಳೆಯಿರಿ. ಕನೆಕ್ಟರಿನ ಪಾಲು ಎರಡರಲ್ಲೂ ಒಂದೇ ಇರುವುದರಿಂದ ಹೊರಟುಹೋಗುತ್ತದೆ, 50 ಮಿ.ಮೀ. ಗೆರೆಯದ್ದಷ್ಟೇ ಉಳಿಯುತ್ತದೆ. 2.45ರಲ್ಲಿ ಅಂತರ ಸುಮಾರು 268 ಡಿಗ್ರಿ ಬಂದರೆ ನಿಮ್ಮ ಬೋರ್ಡು 4.4. 273 ಡಿಗ್ರಿಯ ಹತ್ತಿರ ಬಂದರೆ 4.55. ಈ ಬೆಲೆಯನ್ನು ಮೂರರಲ್ಲೂ ತುಂಬಿ ಮತ್ತೆ ಓಡಿಸಿ. ಮೂರೂ 2.38ರ ಆಚೀಚೆ ಬಂದರೆ ಲೆಕ್ಕ ಮುಗಿಯಿತು. ಬರಲಿಲ್ಲ ಎಂದರೆ ಕೊರೆಸಿದ ಬೋರ್ಡಿನ ಗೆರೆಗಳನ್ನೇ ಸೂಕ್ಷ್ಮದರ್ಶಕದಲ್ಲಿ ಅಳೆಯಿರಿ. ಡ್ರಾಯಿಂಗಿನಲ್ಲಿ ಇದ್ದ ಸಂದೇ ತಾಮ್ರದಲ್ಲೂ ಇರುತ್ತದೆ ಎನ್ನುವಂತಿಲ್ಲ.

ರಿಪೋರ್ಟಿನಲ್ಲಿ ನಾಲ್ಕೂ ಸಂಖ್ಯೆ ಹಾಕಿ, ಮೊದಲಿನವನ್ನೂ ತಿದ್ದಿದವನ್ನೂ. ನಿಮ್ಮ ಗೈಡ್ ಸರ್ ಒಪ್ಪದಿದ್ದರೆ ಡಬ್ಬಿಯ 2.33 ಲೆಕ್ಕವನ್ನು ಅವರ ಮುಂದೆ ಕಾಗದದಲ್ಲಿ ಮಾಡಿ ತೋರಿಸಿ.

ಹಳೆಯ ಬೋರ್ಡು ಎಸೆಯಬೇಡಿ. 2.38 ಅನ್ನು 2.45ಕ್ಕೆ ಏರಿಸಲು ಪ್ರತಿ ರೆಸೊನೇಟರಿನ ಉದ್ದ ಸುಮಾರು 1 ಮಿ.ಮೀ. ಕಡಿಮೆಯಾಗಬೇಕು, ಅಂದರೆ ಒಂದೊಂದು ತೋಳಿನ ತೆರೆದ ತುದಿಯಲ್ಲಿ ಅರ್ಧ ಮಿಲಿಮೀಟರ್. ಮೂರೂ ಹೇರ್‌ಪಿನ್‌ಗಳ ಆರೂ ತುದಿಗಳನ್ನು ಸಮವಾಗಿ, ಮೊದಲು ಕಾಲು ಮಿಲಿಮೀಟರ್ ಕೊರೆದು, ಅಳೆದು, ಆಮೇಲೆ ಉಳಿದದ್ದು. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಆದರೆ ಪಾಸ್‌ಬ್ಯಾಂಡಿನ ಮೇಲ್ಭಾಗ ಓರೆಯಾಗುತ್ತದೆ. ಹೊಸ ಬ್ಲೇಡು ಹಾಕಿಕೊಳ್ಳಿ, ತಾಮ್ರದ ಕೆಳಗಿನ ಬಟ್ಟೆಗೆ ಗೀರು ಬೀಳದಂತೆ ಕೈ ಹಗುರ ಇಟ್ಟುಕೊಳ್ಳಿ.